ಭತ್ತದ ಹೊಟ್ಟು, ಔಡಲ ಎಣ್ಣೆ ಮತ್ತು ನೀರಿನ ಲೆಕ್ಕ

ಪ್ರಶ್ನೆ: ಸರ್, ನಾನು ಕಾರಟಗಿಯವನು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ನಮ್ಮ ಸೋದರಮಾವನದು ರೈಸ್ ಮಿಲ್ ಇದೆ. ಹೊಟ್ಟಿನ ಗುಡ್ಡೆ ನೋಡಿದಾಗಲೆಲ್ಲ ಇದರಿಂದ ಏನಾದರೂ ಮಾಡಬೇಕು ಅನ್ನಿಸುತ್ತದೆ. ಗಿಡದ ಎಣ್ಣೆಯಿಂದ ಮಾಡಿದ ರೆಸಿನ್‌ಗೆ, ಅಂದರೆ ಗಟ್ಟಿಯಾಗುವ ಅಂಟಿಗೆ, ಹೊಟ್ಟು ಕಲಸಿ ಛಾವಣಿ ಶೀಟು, ಬಾಗಿಲು, ಊಟದ ತಟ್ಟೆ ಮಾಡಬಹುದು ಎಂದು ವಿಡಿಯೊಗಳಲ್ಲಿ ನೋಡಿದೆ. ನಾನೂ ಔಡಲ ಎಣ್ಣೆ ತಂದು ಎರಡು ಹಲಗೆ ಮಾಡಿದೆ. ಒಂದಕ್ಕೆ ಫೋಮ್ ಮಾಡುವವರ ಹಾರ್ಡ್ನರ್ ಹಾಕಿದ್ದೆ, ಅದು ಉಬ್ಬಿ ಬಿರಿಯಿತು. ಇನ್ನೊಂದಕ್ಕೆ ಎಪಾಕ್ಸಿ ಹಾರ್ಡ್ನರ್ ಹಾಕಿದೆ, ಅದು ಕೈಯಲ್ಲೇ ಪುಡಿಯಾಯಿತು. ಯಾವ ರೆಸಿನ್ ಸರಿ? ಎಲ್ಲವೂ ಗಿಡದ್ದೇ ಆಗಬಹುದಾ? ಕಡಿಮೆ ದುಡ್ಡಲ್ಲಿ ಹೇಗೆ ಶುರು ಮಾಡಲಿ?

ಉತ್ತರ: ನಿಮ್ಮ ಎರಡು ಹಲಗೆಗಳಿಂದಲೇ ಶುರು ಮಾಡೋಣ. ಎರಡೂ ಕೆಟ್ಟಿವೆ, ಆದರೆ ಕಾರಣ ಬೇರೆ ಬೇರೆ.

ಪುಡಿಯಾದದ್ದರ ಕಾರಣ ಸರಳ. ಎಪಾಕ್ಸಿ ಹಾರ್ಡ್ನರ್ ಗಟ್ಟಿ ಮಾಡುವುದು ಎಪಾಕ್ಸಿ ರೆಸಿನ್ನನ್ನು ಮಾತ್ರ. ಔಡಲ ಎಣ್ಣೆಯ ಜೊತೆ ಅದಕ್ಕೆ ಕೆಲಸವಿಲ್ಲ. ತಿಂಗಳುಗಟ್ಟಲೆ ಇಟ್ಟರೂ ಹೊಟ್ಟಿನ ನಡುವೆ ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ. ಒತ್ತಿದಾಗ ಹಲಗೆಯ ಹಾಗೆ ಕಂಡಿತು, ಅಷ್ಟೇ.

ಉಬ್ಬಿದ ಹಲಗೆಯಲ್ಲಿ ನೀವು ಸರಿಯಾದ ಹಾದಿಯಲ್ಲೇ ಇದ್ದಿರಿ. ಫೋಮ್ ಮಾಡುವವರು ಬಳಸುವ ಆ ಕಂದು ದ್ರವ ಎಂ.ಡಿ.ಐ. ಅನ್ನುವ ಐಸೋಸೈಯನೇಟ್. ಔಡಲ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ. ಅದರ ಅಣುವಿನ ಉದ್ದ ಸರಪಳಿಯ ಮಧ್ಯೆ ಒಂದು ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಕೂತಿದೆ. ಶೇಂಗಾ ಎಣ್ಣೆಯಲ್ಲಿ, ಕುಸುಬೆ ಎಣ್ಣೆಯಲ್ಲಿ ಅದು ಇಲ್ಲ. ಐಸೋಸೈಯನೇಟ್ ಬಂದು ಹಿಡಿದುಕೊಳ್ಳುವುದು ಆ ಗುಂಪನ್ನೇ. ಹೀಗೆ ಒಂದಕ್ಕೊಂದು ಹಿಡಿದುಕೊಂಡು ಬಲೆ ಕಟ್ಟಿದರೆ ಅದೇ ಪಾಲಿಯುರೆಥೇನ್. ಬೇರೆ ಎಣ್ಣೆಗಳನ್ನು ರೆಸಿನ್ ಮಾಡಬೇಕಾದರೆ ಮೊದಲು ಕಾರ್ಖಾನೆಯಲ್ಲಿ ಅವಕ್ಕೆ ಈ ಗುಂಪನ್ನು ಕೂರಿಸಬೇಕು. ಔಡಲಕ್ಕೆ ಅದು ಹುಟ್ಟಿನಿಂದಲೇ ಬಂದಿದೆ. ನಮ್ಮ ಭಾಗದ ಒಣ ಹೊಲಗಳಲ್ಲಿ ಬೆಳೆಯುವ ಗಿಡಕ್ಕೆ ಇಂಥ ಗುಣ ಇರುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ತೊಂದರೆ ಏನೆಂದರೆ, ಐಸೋಸೈಯನೇಟ್ ನೀರನ್ನೂ ಬಿಡುವುದಿಲ್ಲ. ನೀರು ಸಿಕ್ಕರೆ ಅದರ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಸೋಫಾದ ಫೋಮ್ ಉಬ್ಬುವುದು ಹೀಗೆಯೇ. ನಿಮ್ಮ ಹಲಗೆ ಉಬ್ಬಿದ್ದೂ ಹೀಗೆಯೇ.

ಲೆಕ್ಕ ಹಾಕಿ ನೋಡಿ. 1 ಗ್ರಾಂ ನೀರು ಸುಮಾರು 15 ಗ್ರಾಂ ಎಂ.ಡಿ.ಐ.ಯನ್ನು ತಿಂದುಹಾಕಬಲ್ಲದು. ಮಿಲ್ಲಿನಿಂದ ಬಂದ ಹೊಟ್ಟು ಕೈಗೆ ಗರಿಗರಿ ಅನ್ನಿಸಿದರೂ ಅದರಲ್ಲಿ ಶೇ. 10ರ ಆಸುಪಾಸು ತೇವ ಇರುತ್ತದೆ. ಅಂದರೆ 1 ಕೆ.ಜಿ. ಹೊಟ್ಟಿನಲ್ಲಿ 100 ಗ್ರಾಂ ನೀರು. ಅಷ್ಟೂ ನೀರು ತಿನ್ನುತ್ತಾ ಹೋದರೆ ಒಂದೂವರೆ ಕೆ.ಜಿ. ಎಂ.ಡಿ.ಐ. ಬೇಕು! ಎಲ್ಲ ನೀರೂ ಒಂದೇ ಸಲ ಹೊರಗೆ ಬರುವುದಿಲ್ಲ ನಿಜ. ಆದರೆ ಆ ಗಾತ್ರದ ಹಲಗೆಗೆ ನೀವು ಹಾಕುವ ಎಂ.ಡಿ.ಐ. 50 ಗ್ರಾಂ ಕೂಡ ಇರುವುದಿಲ್ಲ. ಸ್ವಲ್ಪ ನೀರು ಬಂದರೂ ಎಣ್ಣೆಯ ಪಾಲಿಗೆ ಏನೂ ಉಳಿಯುವುದಿಲ್ಲ.

ಬಳ್ಳಾರಿಯಲ್ಲಿ ಈ ಕೆಲಸ ಶುರು ಮಾಡಿದ ಮೊದಲ ವರ್ಷ ನನಗೂ ಇದು ಗೊತ್ತಾಗಲು ಒಂದು ಶ್ರಾವಣ ಬೇಕಾಯಿತು. ಹೊಟ್ಟನ್ನು ಚೆನ್ನಾಗಿಯೇ ಒಣಗಿಸಿದ್ದೆವು. ಸಂಜೆಯಾಯಿತೆಂದು ಗೋಣಿಚೀಲದಲ್ಲಿ ತುಂಬಿಟ್ಟು ಮನೆಗೆ ಹೋದೆವು. ರಾತ್ರಿಯಿಡೀ ಜಿಟಿಜಿಟಿ ಮಳೆ. ಬೆಳಗ್ಗೆ ಅದೇ ಹೊಟ್ಟಿನಿಂದ ಒತ್ತಿದ ಹಲಗೆಗಳ ನಡುಭಾಗ ಪುಟ್ಟ ಪೂರಿಯ ಹಾಗೆ ಎದ್ದು ನಿಂತಿತ್ತು. ಕತ್ತರಿಸಿ ನೋಡಿದರೆ ಒಳಗೆ ಸಾಸಿವೆ ಕಾಳಿನಷ್ಟು ದಪ್ಪದ ತೂತುಗಳು. ಕರಿದ ಹಪ್ಪಳವನ್ನು ಮುಚ್ಚಿಡದೆ ಬಿಟ್ಟರೆ ಮೆತ್ತಗಾಗುತ್ತದಲ್ಲ, ಹೊಟ್ಟೂ ಹಾಗೇ. ಒಣಗಿಸಿದ ದಿನವೇ ಬಳಸಬೇಕು. ಇಲ್ಲದಿದ್ದರೆ ಬಿಸಿ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಕಟ್ಟಿಡಬೇಕು.

ಹಾಗಾಗಿ ರೆಸಿನ್ ಯಾವುದು ಎಂಬ ಪ್ರಶ್ನೆಗಿಂತ ಮೊದಲು ನೀರಿನ ಪ್ರಶ್ನೆ ಬಗೆಹರಿಸಿಕೊಳ್ಳಿ. ಹಲಗೆ ಮಾಡುವಾಗ ಒಳಗಿರುವ ನೀರು ಒಂದು. ಮಾಡಿದ ಮೇಲೆ ಹೊರಗಿನಿಂದ ಬರುವ ನೀರು ಇನ್ನೊಂದು. ಈ ಕೆಲಸದಲ್ಲಿ ಸೋತವರನ್ನು ನಾನು ನೋಡಿದ ಮಟ್ಟಿಗೆ, ಹೆಚ್ಚಿನವರನ್ನು ಸೋಲಿಸಿದ್ದು ಈ ಎರಡರಲ್ಲಿ ಒಂದು.

ಮಾರ್ಚ್ ತಿಂಗಳಲ್ಲಿ ಕಣದಲ್ಲಿ ಹರಡಿ ಒಣಗಿಸಿದರೆ ಸಾಲದಾ ಎಂದು ಕೇಳಬಹುದು. ಸಾಲದು. ಬಿಸಿಲು ಎಷ್ಟೇ ಸುಡಲಿ, ಗಾಳಿಯಲ್ಲಿರುವ ತೇವಕ್ಕೆ ತಕ್ಕಷ್ಟನ್ನು ಹೊಟ್ಟು ಉಳಿಸಿಕೊಂಡೇ ಇರುತ್ತದೆ. ನಮಗೆ ಬೇಕಾದ್ದು ಶೇ. 3ಕ್ಕಿಂತ ಕಡಿಮೆ. ಅದಕ್ಕೆ 105 ಡಿಗ್ರಿಯ ಓವನ್ ಬೇಕು. 100 ಗ್ರಾಂ ಹೊಟ್ಟು ತೂಗಿ ಒಳಗಿಡಿ. ಗಂಟೆಗೊಮ್ಮೆ ತೆಗೆದು ತೂಗಿ. ಎರಡು ಸಲ ಒಂದೇ ತೂಕ ಬಂದರೆ ನೀರು ಮುಗಿದಿದೆ. ಕಡಿಮೆಯಾದ ಗ್ರಾಂ ಎಷ್ಟೋ ಅಷ್ಟೇ ಶೇಕಡಾ ತೇವ ಮೊದಲಿತ್ತು ಎಂದರ್ಥ. ಔಡಲ ಎಣ್ಣೆಯಲ್ಲೂ ನೀರಿರುತ್ತದೆ, ಗಾಣದಿಂದ ತಂದದ್ದರಲ್ಲಂತೂ ಜಾಸ್ತಿ. ಥರ್ಮಾಮೀಟರ್ ಇಟ್ಟು 110 ಡಿಗ್ರಿಗೆ ಕಾಯಿಸಿ. ಸಣ್ಣ ಗುಳ್ಳೆಗಳು ಬರುವುದು ಪೂರ್ತಿ ನಿಂತ ಮೇಲೆ ಇಳಿಸಿ, ಮುಚ್ಚಿ ಆರಿಸಿ.

ಇನ್ನು ಹೊಟ್ಟಿನ ವಿಷಯ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರಲ್ಲಿ ಹತ್ತತ್ತಿರ ಐದನೇ ಒಂದು ಪಾಲು ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗೆದ್ದಲು ಹೊಟ್ಟನ್ನು ಅಷ್ಟಾಗಿ ಮುಟ್ಟದಿರುವುದಕ್ಕೆ, ಅದು ಬೇಗ ಕೊಳೆಯದಿರುವುದಕ್ಕೆ ಈ ಸಿಲಿಕಾವೇ ಕಾರಣ. ರುಬ್ಬುವ ಯಂತ್ರದ ಹಲ್ಲು ಸವೆಯುವುದೂ ಅದರಿಂದಲೇ. ಒಂದು ಹೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಹೊರಗಿನ ಬೆನ್ನು ಒರಟು, ಮೇಣ ಹಚ್ಚಿದಂತೆ. ನೀರಿನ ಹನಿ ಇಟ್ಟರೆ ಜಾರುತ್ತದೆ. ಒಳಗಿನ ಹೊಟ್ಟೆ ನುಣುಪು. ಪ್ಲೈವುಡ್ ಕಾರ್ಖಾನೆಗಳಲ್ಲಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನೀರಲ್ಲಿ ಕರಗಿರುವಂಥದ್ದು. ಅದು ಈ ಬೆನ್ನಿಗೆ ಸರಿಯಾಗಿ ಹಿಡಿಯುವುದಿಲ್ಲ. ಹೊಟ್ಟನ್ನು ಒಡೆದು ಅರ್ಧ ಮಿಲಿಮೀಟರಿನಿಂದ 2 ಮಿಲಿಮೀಟರ್ ತರಿ ಮಾಡಿದರೆ ಒಳಗಿನ ಮೈ ತೆರೆದುಕೊಳ್ಳುತ್ತದೆ, ಅಂಟು ಹಿಡಿಯುತ್ತದೆ. ಹಿಟ್ಟಿನ ಗಿರಣಿಗೆ ಹಾಕಬೇಡಿ, ಕಲ್ಲು ಹಾಳು. ದನದ ಆಹಾರ ಪುಡಿ ಮಾಡುವ ಹ್ಯಾಮರ್ ಮಿಲ್ ಸಾಕು.

ಬಹಳ ಜನ ಇಲ್ಲಿ ಒಂದು ತಪ್ಪು ತಿಳಿದುಕೊಂಡಿರುತ್ತಾರೆ. ಹೊಟ್ಟು ಸೇರಿಸಿದರೆ ಹಲಗೆಗೆ ಬಲ ಬರುತ್ತದೆ ಎಂದುಕೊಳ್ಳುತ್ತಾರೆ. ಕಾಂಕ್ರೀಟಿನಲ್ಲಿ ಜಲ್ಲಿಗೆ ಒಂದು ಕೆಲಸ, ಕಬ್ಬಿಣದ ಸರಳಿಗೆ ಇನ್ನೊಂದು ಕೆಲಸ ಅಲ್ವಾ? ಹೊಟ್ಟು ಜಲ್ಲಿಯ ಹಾಗೆ. ಜಾಗ ತುಂಬುತ್ತದೆ, ಹಲಗೆ ಹಗುರಾಗುತ್ತದೆ, ಶಾಖ ತಡೆಯುತ್ತದೆ. ಬಾಗಿದಾಗ ಎಳೆತ ತಡೆಯಲು ಸರಳಿನಂಥ ಉದ್ದ ನಾರು ಬೇಕು. ಅದಕ್ಕೆ ನಮ್ಮ ಕಡೆ ಕೊರತೆ ಇಲ್ಲ. ಪುಂಡಿ ನಾರು ಇದೆ. ಪಲ್ಯಕ್ಕೆ ಬಿಟ್ಟರೆ ಹಗ್ಗಕ್ಕೆ ಎಂದು ನಾವು ಇಟ್ಟುಕೊಂಡ ಪುಂಡಿಯ ಒಂದು ಜಾತಿಯೇ ಹೊರದೇಶಗಳಲ್ಲಿ ಕೆನಾಫ್. ಟೊಯೊಟಾದವರು ಕಾರಿನ ಬಾಗಿಲಿನ ಒಳ ಹಲಗೆಗೆ ಕೆನಾಫ್ ನಾರು ಬಳಸಿದ್ದಾರೆ. ಬದುವಿನ ಮೇಲಿನ ಕತ್ತಾಳೆ ಇದೆ. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನ ಮಹಿಳೆಯರು ಬಾಳೆ ನಾರಿನಿಂದ ಚೀಲ, ಬುಟ್ಟಿ ಮಾಡುವುದನ್ನು ನೀವು ನೋಡಿರಬಹುದು, ನಿಮ್ಮ ಊರಿಗೆ ದೂರವಲ್ಲ. ನಾರು ಬಿಡಿಸುವ ಕೈ ಅಲ್ಲಿದೆ.

ನಿಮಗೆ ಅಷ್ಟೂ ಬೇಡ. ಮಿಲ್ಲಿನಲ್ಲಿ ಹಳೆಯ ಗೋಣಿಚೀಲ ಇರುತ್ತವೆ. ಸೆಣಬಿನ ಚೀಲವಾಗಿರಬೇಕು, ಪ್ಲಾಸ್ಟಿಕ್ ಚೀಲ ಬೇಡ. ಹೊಲಿಗೆ ಬಿಚ್ಚಿ, ಒಗೆದು, ಒಣಗಿಸಿ, ಹಲಗೆಯ ಮೇಲೊಂದು ಕೆಳಗೊಂದು ಪದರ ಇಡಿ. ಹಲಗೆ ಬಾಗಿದಾಗ ಹೆಚ್ಚಿನ ಎಳೆತ ಬೀಳುವುದು ಮೇಲ್ಮೈಗಳ ಮೇಲೆ, ನಡುಭಾಗಕ್ಕೆ ಕಡಿಮೆ. ಹಾಗಾಗಿ ನಾರು ಹೊರಗೆ, ಹೊಟ್ಟು ನಡುವೆ. ಬಳ್ಳಾರಿಯಲ್ಲಿ ನಾವು ಗೋಣಿಯ ಬದಲು ಜೀನ್ಸ್ ಹೊಲಿಯುವವರ ಹತ್ತಿರ ಉಳಿದ ಬಟ್ಟೆಯ ತುಂಡುಗಳನ್ನು ಇಟ್ಟು ನೋಡಿದೆವು. ಹತ್ತಿ ಬಟ್ಟೆ ಎಣ್ಣೆಯ ಅಂಟನ್ನು ಚೆನ್ನಾಗಿ ಕುಡಿಯುತ್ತದೆ, ಮೇಲ್ಮೈಗೆ ಒಳ್ಳೆಯ ನೀಲಿ ಬಣ್ಣವೂ ಬರುತ್ತದೆ. ಹತ್ತಿಯನ್ನು ಹೀಗೆ ಬಳಸುವುದು ಹೊಸದೇನಲ್ಲ. ಪೂರ್ವ ಜರ್ಮನಿಯಲ್ಲಿ 1957ರಿಂದ 1991ರವರೆಗೆ ತಯಾರಾದ ಟ್ರಾಬಾಂಟ್ ಕಾರಿನ ಮೈ ಹತ್ತಿಯ ರದ್ದಿ ಮತ್ತು ಫಿನಾಲ್ ಎಂಬ ರಾಸಾಯನಿಕದಿಂದ ಆಗುವ ಫಿನಾಲಿಕ್ ರೆಸಿನ್ ಒತ್ತಿ ಮಾಡಿದ್ದು. ಅಂಥ ಸುಮಾರು 30 ಲಕ್ಷ ಕಾರು ಓಡಿವೆ. ಹಳೆಯದಾದ ಮೇಲೆ ಆ ಮೈಯನ್ನು ಕರಗಿಸಲೂ ಆಗದೆ ಸುಡಲೂ ಆಗದೆ ಅವರು ಒದ್ದಾಡಿದ್ದೂ ಇದೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಹೊಟ್ಟಿಗೆ ಬರವಿಲ್ಲ ಅನ್ನುವುದನ್ನು ಮಾವನ ಹತ್ತಿರ ಒಮ್ಮೆ ಕೇಳಿ ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಿಲ್ಲಿನ ಬಾಯ್ಲರುಗಳಿಗೆ ಹೊಟ್ಟೇ ಉರುವಲು. ಇಟ್ಟಿಗೆ ಭಟ್ಟಿಯವರೂ ಒಯ್ಯುತ್ತಾರೆ. ಇವತ್ತು ಗುಡ್ಡೆ ಬಿದ್ದದ್ದು ನಾಳೆ ಸಿಗುತ್ತದೆ ಎಂದಿಲ್ಲ. ನಿಜವಾಗಿ ಯಾರಿಗೂ ಬೇಡವಾಗಿ ಉಳಿದಿರುವುದು ಎರಡು: ಮಷಿನ್ನಿನಲ್ಲಿ ಕೊಯ್ದ ಮೇಲೆ ಗದ್ದೆಯಲ್ಲೇ ಬೆಂಕಿ ಹಚ್ಚುವ ನೆಲ್ಲು ಹುಲ್ಲು ಮತ್ತು ರಾಯಚೂರು ಕಡೆಯ ಹತ್ತಿ ಕಟ್ಟಿಗೆ. ಹತ್ತಿ ಕಟ್ಟಿಗೆ ಮರಕ್ಕೆ ಬಹಳ ಹತ್ತಿರದ ವಸ್ತು. ಮುಂಬೈಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅದರಿಂದ ಪಾರ್ಟಿಕಲ್ ಬೋರ್ಡ್ (ತರಿಗೆ ಅಂಟು ಹಾಕಿ ಒತ್ತಿದ ಹಲಗೆ) ಮಾಡುವ ವಿಧಾನವನ್ನೇ ರೂಪಿಸಿದೆ. ಹೊಲದಲ್ಲಿ ಕಟ್ಟಿಗೆ ಉಳಿದರೆ ಗುಲಾಬಿ ಕಾಯಿಕೊರಕದ ಹುಳು ಅದರಲ್ಲಿ ಉಳಿದುಕೊಂಡು ಮುಂದಿನ ಬೆಳೆಗೆ ಬರುತ್ತದೆ. ಹಾಗಾಗಿ ಬೇಗ ಕಿತ್ತು ಒಯ್ಯುವವರು ಬಂದರೆ ರೈತರಿಗೂ ಅನುಕೂಲ. ನೀವು ಹೊಟ್ಟಿನಿಂದ ಕಲಿಯಿರಿ, ಆದರೆ ಹತ್ತಿ ಕಟ್ಟಿಗೆಯ ಮೇಲೆ ಒಂದು ಕಣ್ಣಿಟ್ಟಿರಿ.

ಈಗ ರೆಸಿನ್. ಎಲ್ಲವೂ ಗಿಡದ್ದೇ ಆಗಬಹುದಾ ಎಂದು ಕೇಳಿದ್ದೀರಿ. ಆಗಬಹುದು. ನಿಮ್ಮ ಕೊಪ್ಪಳ ಜಿಲ್ಲೆಯಲ್ಲೇ ಆಗಿದೆ. ಕಿನ್ನಾಳಕ್ಕೆ ಹೋಗಿ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಕಿಟ್ಟ ಎಂಬ ಮೆತ್ತುವ ಮುದ್ದೆ ಮಾಡುವುದನ್ನು ಕೂತು ನೋಡಿ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು ಸೇರಿಸಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಗೊಂಬೆಯ ಸಂದುಗಳನ್ನು ತುಂಬುವುದು, ಮೈ ತಿದ್ದುವುದು ಇದರಿಂದ. ನಾರು ಒಂದು, ತುಂಬುವ ಪುಡಿ ಒಂದು, ಅಂಟು ಒಂದು. ನೀವು ಕೇಳಿದ್ದೂ ಇಂಥದ್ದನ್ನೇ, ಇದಕ್ಕೆ ಕಾಂಪೋಸಿಟ್ ಎನ್ನುತ್ತಾರೆ. ನಮ್ಮ ಅಜ್ಜಿಯರು ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಬಿದಿರಿನ ಬುಟ್ಟಿಗೆ ಬಳಿಯುತ್ತಿದ್ದದ್ದೂ ಅದೇ. ಕಂಬಳಿ ನೇಯುವವರು ನೂಲಿಗೆ ಬಳಿಯುವ ಹುಣಸೆ ಬೀಜದ ಗಂಜಿಯೂ ಅದೇ ಅಂಟು.

ಇವೆಲ್ಲ ನೂರಕ್ಕೆ ನೂರು ಗಿಡದ್ದೇ. ಆದರೆ ಕಿನ್ನಾಳದ ಗೊಂಬೆಯ ಮೇಲೆ ಬಣ್ಣ, ಅದರ ಮೇಲೆ ಮೆರುಗು ಯಾಕೆ ಇರುತ್ತದೆ? ಚೆಂದಕ್ಕೆ ಹೌದು, ನೀರಿಗೂ ಹೌದು. ಹುಣಸೆಯ ಅಂಟಾಗಲಿ ಮೆಂತ್ಯದ ಅಂಟಾಗಲಿ ನೀರಲ್ಲಿ ಕಲಸಿದ್ದು, ನೀರು ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಅಂಜದ ಅಂಟು ಬೇಕಾದರೆ ಅದರ ಅಣುಗಳು ಒಂದಕ್ಕೊಂದು ಕಟ್ಟಿಕೊಂಡು ಬಲೆಯಾಗಬೇಕು. ಆ ಕಟ್ಟು ಹಾಕುವ ರಾಸಾಯನಿಕ ಇವತ್ತಿನ ಮಟ್ಟಿಗೆ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ. ಔಡಲ ಎಣ್ಣೆ 100 ಗ್ರಾಂ ಇದ್ದರೆ ಎಂ.ಡಿ.ಐ. ಸುಮಾರು 40 ಗ್ರಾಂ ಬೇಕು. ಅಂದರೆ ಆ ಅಂಟಿನಲ್ಲಿ ಶೇ. 71ರಷ್ಟು ಗಿಡದ್ದು, ಉಳಿದದ್ದು ಪೆಟ್ರೋಲಿಯಂನದ್ದು. ಹೀಗೇ ಹೇಳಿ ಮಾರಿ, ತಪ್ಪೇನಿಲ್ಲ. ‘ಬಯೋ ಎಪಾಕ್ಸಿ’ ಎಂದು ಡಬ್ಬಿಯ ಮೇಲೆ ಬರೆದು ಮಾರುವವರು ಬಂದರೆ ಗಿಡದ ಪಾಲು ಎಷ್ಟು ಎಂದು ಕೇಳಿ. ಎ.ಎಸ್.ಟಿ.ಎಂ. ಡಿ6866 ಎಂಬ ಪರೀಕ್ಷೆ ಇದೆ. ಗಿಡದ ಇಂಗಾಲದಲ್ಲಿ ಕಾರ್ಬನ್-14 ಇರುತ್ತದೆ. ಕೋಟಿಗಟ್ಟಲೆ ವರ್ಷ ನೆಲದಲ್ಲಿದ್ದ ಪೆಟ್ರೋಲಿಯಂನಲ್ಲಿ ಅದು ಪೂರ್ತಿ ಅಳಿದಿರುತ್ತದೆ. ಅಳೆದರೆ ಪಾಲು ಗೊತ್ತಾಗುತ್ತದೆ. ಆ ವರದಿ ತೋರಿಸದವರ ಹತ್ತಿರ ಜಾಸ್ತಿ ದುಡ್ಡು ಕೊಟ್ಟು ಕೊಳ್ಳಬೇಡಿ.

ಔಡಲ ಬಿಟ್ಟರೆ ನಾನು ಗಂಭೀರವಾಗಿ ಪರಿಗಣಿಸುವುದು ಗೋಡಂಬಿ ಸಿಪ್ಪೆಯ ಎಣ್ಣೆ. ಕರಾವಳಿಯ ಗೇರುಬೀಜ ಕಾರ್ಖಾನೆಗಳಿಂದ ಬರುತ್ತದೆ. ಹಸಿ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಬ್ಬೆ ಬರುತ್ತದೆ, ಹುಷಾರು. ಕಾಯಿಸಿದಾಗ ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಒಂದು ಫಿನಾಲ್. ಹಾಗಾಗಿ ಫಿನಾಲಿಕ್ ರೆಸಿನ್ನಿನಲ್ಲಿ ಪೆಟ್ರೋಲಿಯಂ ಫಿನಾಲಿನ ಒಂದಷ್ಟು ಪಾಲಿನ ಬದಲು ಇದನ್ನು ಹಾಕಬಹುದು. ವಾಹನಗಳ ಬ್ರೇಕ್ ಲೈನಿಂಗ್‌ನಲ್ಲಿ ಇದು ಬಹಳ ಹಿಂದಿನಿಂದ ಇದೆ. ನೀರಿಗೆ ಗಟ್ಟಿ, ಬೆಂಕಿಗೂ ಪಾಲಿಯುರೆಥೇನಿಗಿಂತ ವಾಸಿ. ಬಣ್ಣ ಮಾತ್ರ ಕಡು ಕಂದು. ಒತ್ತುವಾಗ 150 ಡಿಗ್ರಿ ಆಸುಪಾಸು ಬಿಸಿ ಬೇಕು. ನಿಮ್ಮ ಮಾವನ ಮಿಲ್ಲಿನಲ್ಲಿ ಬಾಯ್ಲರ್ ಇದ್ದರೆ ಇದೇ ನಿಮ್ಮ ದೊಡ್ಡ ಬಲ. ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡದ ಹಬೆ 170 ಡಿಗ್ರಿ ಇರುತ್ತದೆ. ಪ್ರೆಸ್ಸಿನ ಬಿಸಿ ತಟ್ಟೆಗೆ ಅಷ್ಟು ಧಾರಾಳ. ಹಬೆಯ ಪೈಪ್ ಎಳೆಯುವ ಮೊದಲು ಬಾಯ್ಲರ್ ಇನ್ಸ್‌ಪೆಕ್ಟರ್ ಒಪ್ಪಿಗೆ ತೆಗೆದುಕೊಳ್ಳಿ.

ಅಗಸೆ ಎಣ್ಣೆ ಗಾಳಿಗೆ ತಾನೇ ಗಟ್ಟಿಯಾಗುತ್ತದೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅದರಿಂದಲೇ ಲಿನೋಲಿಯಂ ನೆಲಹಾಸು ಮಾಡಿದ. ಆದರೆ ದಪ್ಪ ಹಲಗೆಯ ಒಳಗೆ ಗಾಳಿ ಹೋಗುವುದಿಲ್ಲ. ಮೇಲೆ ಬಳಿಯಲು ಒಳ್ಳೆಯದು, ಅಷ್ಟಕ್ಕೆ ಇಟ್ಟುಕೊಳ್ಳಿ.

ಪಿ.ಎಲ್.ಎ. ಅನ್ನುವ ಪ್ಲಾಸ್ಟಿಕ್ ಬಗ್ಗೆಯೂ ವಿಡಿಯೊಗಳಲ್ಲಿ ಕೇಳಿರುತ್ತೀರಿ. ಮೆಕ್ಕೆಜೋಳದ ಪಿಷ್ಟದಿಂದ, ಕಬ್ಬಿನ ಸಕ್ಕರೆಯಿಂದ ಆಗುವಂಥದ್ದು. ವಸ್ತು ಒಳ್ಳೆಯದೇ, ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ, ತಗಡಿನ ಛಾವಣಿಯ ಮೇಲೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ. ತಂಪು ದೇಶದ ವಿಡಿಯೊ ನೋಡಿ ನಮ್ಮ ಊರಿಗೆ ವಸ್ತು ಆರಿಸಬಾರದು.

ಏನು ಮಾಡಬೇಕು ಎನ್ನುವುದಕ್ಕೆ ಬರೋಣ. ಛಾವಣಿ ಶೀಟು ಬೇಡ. ಬಿಸಿಲು, ಮಳೆ, ಮತ್ತೆ ಬಿಸಿಲು. ಪ್ರತಿ ಸಲ ನೀರು ಕುಡಿದಾಗ ಹೊಟ್ಟು, ನಾರು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಅಂಟು ಹಾಗೆ ಉಬ್ಬುವುದಿಲ್ಲ. ನಡುವೆ ಕೂದಲೆಳೆಯ ಬಿರುಕು ಬಿಟ್ಟು ಅದರಲ್ಲಿ ಇನ್ನಷ್ಟು ನೀರು ಹೋಗುತ್ತದೆ. ಎರಡು ಮಳೆಗಾಲದಲ್ಲಿ ಅಂಚು ಹೂವಾಗಿ ಅರಳುತ್ತದೆ. ಊಟದ ತಟ್ಟೆಯೂ ಬೇಡ. ಈ ಅಂಟುಗಳು ಬಿಸಿ ಅನ್ನ ಸಾರಿಗೆ ಮಾಡಿದ್ದಲ್ಲ. ಬಿದಿರಿನ ಪುಡಿಗೆ ಮೆಲಮೈನ್ ರೆಸಿನ್ ಹಾಕಿ ಮಾಡಿ ‘ಬಿದಿರಿನ ಲೋಟ’ ಎಂದು ಮಾರುತ್ತಿದ್ದವುಗಳಿಂದ ಬಿಸಿ ಪಾನೀಯಕ್ಕೆ ಫಾರ್ಮಾಲ್ಡಿಹೈಡ್ ಬಿಡುತ್ತದೆ ಎಂದು ಜರ್ಮನಿಯ ಸರ್ಕಾರಿ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಊಟದ ತಟ್ಟೆಗೆ ಅಂಟೇ ಇಲ್ಲದ ಅಡಿಕೆ ಹಾಳೆ, ಮುತ್ತುಗದ ಎಲೆ ಇವೆ.

ನನ್ನ ಮನಸ್ಸಿನಲ್ಲಿರುವುದು ತಗಡಿನ ಕೆಳಗೆ ಕಟ್ಟುವ ಹಲಗೆ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎಷ್ಟು ತಗಡಿನ ಮನೆಗಳಿವೆ! ಏಪ್ರಿಲ್ ಮಧ್ಯಾಹ್ನ ಆ ಮನೆಯೊಳಗೆ ಕೂತ ಬಾಣಂತಿ, ಮುದುಕರು, ಪರೀಕ್ಷೆಗೆ ಓದುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಹೊಟ್ಟು ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಹಗುರಾದ ಹೊಟ್ಟಿನ ಹಲಗೆಯನ್ನು ತಗಡಿನ ಕೆಳಗೆ ನಾಲ್ಕು ಬೆರಳು ಗಾಳಿ ಬಿಟ್ಟು ಕಟ್ಟಿದರೆ ತಲೆಯ ಮೇಲೆ ಬೀಳುವ ಬಿಸಿ ಬಹಳ ಕಡಿಮೆಯಾಗುತ್ತದೆ. ಅಲ್ಲಿ ಹಲಗೆ ಭಾರ ಹೊರಬೇಕಿಲ್ಲ, ಮಳೆಯೂ ನೇರ ಬೀಳುವುದಿಲ್ಲ. ಹೊಟ್ಟಿನ ಗುಣಕ್ಕೆ ತಕ್ಕ ಜಾಗ ಅದು. ಎರಡನೆಯದು, ಮನೆಯೊಳಗಿನ ಬಾಗಿಲಿನ ನಡು ಹಲಗೆ. ಇದಕ್ಕೆ ಗೋಣಿಯ ಪದರ ಬೇಕೇ ಬೇಕು.

ಛಾವಣಿಯ ಕೆಳಗಿನ ಹಲಗೆ ಅಂದಮೇಲೆ ಬೆಂಕಿಯ ಮಾತು ಆಡಲೇಬೇಕು. ಪಾಲಿಯುರೆಥೇನ್ ಸುಟ್ಟರೆ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಹಾಗಾಗಿ ಔಡಲದ ಅಂಟಿನಲ್ಲಿ ಕಲಿಯಿರಿ, ಬಾಗಿಲಿನ ಹಲಗೆ ಮಾಡಿ. ಛಾವಣಿ ಕೆಳಗಿನ ಹಲಗೆ ಮಾರುವ ಹೊತ್ತಿಗೆ ಕಾರ್ಡನಾಲ್ ಫಿನಾಲಿಕ್‌ಗೆ ಹೋಗಿ, ಜೊತೆಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಸೇರಿಸಿ, ಪ್ರಯೋಗಾಲಯದಲ್ಲಿ ಬೆಂಕಿ ಪರೀಕ್ಷೆ ಮಾಡಿಸಿ. ಒಲೆ ಇರುವ ಕೋಣೆಗೆ ಔಡಲದ ಹಲಗೆಯನ್ನು ಯಾರು ಕೇಳಿದರೂ ಕೊಡಬೇಡಿ.

ಈಗ ಕೈಯಲ್ಲಿ ಮಾಡಿ ನೋಡುವ ಹಲಗೆ. ಅಳತೆ 20 ಸೆಂ.ಮೀ. ಉದ್ದ, 20 ಅಗಲ, 1 ಸೆಂ.ಮೀ. ದಪ್ಪ. ಒಣಗಿಸಿದ ಹೊಟ್ಟಿನ ತರಿ 245 ಗ್ರಾಂ, ಔಡಲ ಎಣ್ಣೆ 25 ಗ್ರಾಂ, ಎಂ.ಡಿ.ಐ. 10 ಗ್ರಾಂ. ಒಟ್ಟು 280 ಗ್ರಾಂ. ಗ್ರಾಂ ತೋರಿಸುವ ತಕ್ಕಡಿ ಇರಲೇಬೇಕು, ಚಮಚದ ಅಳತೆ ನಡೆಯುವುದಿಲ್ಲ. ಮೊದಲು ಎಣ್ಣೆ ಮತ್ತು ಎಂ.ಡಿ.ಐ. ಚೆನ್ನಾಗಿ ಕಲಸಿ. ಮೊದಲು ಮಬ್ಬಾಗಿರುತ್ತದೆ, ಎರಡು ಮೂರು ನಿಮಿಷದಲ್ಲಿ ಒಂದೇ ಬಣ್ಣಕ್ಕೆ ಬರುತ್ತದೆ. ಆಮೇಲೆ ಹೊಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಿಕ್ಕಿ ತಿಕ್ಕಿ ಕಲಸಿ, ಚುರುಮುರಿಗೆ ಎಣ್ಣೆ ಹಚ್ಚಿದ ಹಾಗೆ. ಅಂಟು ಕಡಿಮೆ, ತರಿ ಜಾಸ್ತಿ. ಹಾಗಾಗಿ ಹತ್ತು ನಿಮಿಷವಾದರೂ ಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಅದು ಹದ. ಗೋಣಿ ಇಡುವುದಾದರೆ ಅದಕ್ಕೆ ಬೇರೆ ಅಂಟು ಕಲಸಿ ಬಳಿಯಿರಿ, ಇದರಲ್ಲಿ ಕದಿಯಬೇಡಿ.

ಪ್ರೆಸ್ ಎಲ್ಲಿಂದ ತರುವುದು? ಲಾರಿಯವರ ಹತ್ತಿರ ಇರುವ 10 ಟನ್ ಹೈಡ್ರಾಲಿಕ್ ಜಾಕಿ ಸಾಕು. ನಿಮ್ಮ ಹಲಗೆ 400 ಚದರ ಸೆಂ.ಮೀ., ಜಾಕಿ ಪೂರ್ತಿ ಒತ್ತಿದರೆ ಚದರ ಸೆಂ.ಮೀ.ಗೆ 25 ಕೆ.ಜಿ. ಬೀಳುತ್ತದೆ. ಅಷ್ಟೇ ಬೇಕಾದ್ದು. ಸಿ-ಚಾನಲ್ ಕಬ್ಬಿಣದಿಂದ ಚೌಕಟ್ಟು ವೆಲ್ಡ್ ಮಾಡಿಸಿ, ವೆಲ್ಡರ್‌ಗೆ ಹತ್ತು ಟನ್ ಎಂದು ಮೊದಲೇ ಹೇಳಿ. ಎರಡು ದಪ್ಪ ಉಕ್ಕಿನ ತಟ್ಟೆ, ದಪ್ಪ ಸರಿಯಾಗಿ ಬರಲು ಬದಿಗಳಲ್ಲಿ 1 ಸೆಂ.ಮೀ.ನ ಕಬ್ಬಿಣದ ಪಟ್ಟಿ. ಪಾಲಿಯುರೆಥೇನ್ ಉಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ. ತಟ್ಟೆಗೆ ಮೇಣ ತಿಕ್ಕಿ ಅಥವಾ ಟೆಫ್ಲಾನ್ ಹಾಳೆ ಇಡಿ. ತಟ್ಟೆಗಳನ್ನು 90ರಿಂದ 100 ಡಿಗ್ರಿಗೆ ಕಾಯಿಸಿ ಒತ್ತಿ, ಅರ್ಧ ಗಂಟೆ ಬಿಡಿ. ಜಾಕಿ ನಿಧಾನ ಇಳಿಸಿ. ಹೊರತೆಗೆದ ಹಲಗೆಯನ್ನು ಭಾರದ ಕೆಳಗೆ ಒಂದು ರಾತ್ರಿ ಇಡಿ. ಬ್ರೆಜಿಲಿನ ಸಾವೊ ಕಾರ್ಲೋಸ್‌ನಲ್ಲಿ ಔಡಲದ ಪಾಲಿಯುರೆಥೇನ್ ಮೇಲೆ ದಶಕಗಳ ಕೆಲಸ ನಡೆದಿದೆ. ಈ ಬಿಸಿ, ಈ ಒತ್ತಡ ಅಲ್ಲಿನ ಅನುಭವಕ್ಕೂ ಹತ್ತಿರವೇ.

ಕೈಗವಸು, ಕನ್ನಡಕ, ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಎಂ.ಡಿ.ಐ. ಡಬ್ಬಿ ತೆರೆಯಲೇಬೇಡಿ. ಬಿಸಿಯಾದಾಗ ಅದರ ಆವಿ ಬರುತ್ತದೆ, ಅದು ದಮ್ಮು ತರುವಂಥದ್ದು. ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿದರೆ ಮುಂದೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಬಯಲು ಗಾಳಿಯಲ್ಲಿ, ಫ್ಯಾನ್ ಬೆನ್ನ ಹಿಂದೆ ಇಟ್ಟುಕೊಂಡು ಒತ್ತಿ. ಮನೆಯ ಅಡುಗೆ ಓವನ್, ಅಡುಗೆ ಪಾತ್ರೆ ಇದಕ್ಕೆ ಬೇಡ. ಹೊಟ್ಟು ಪುಡಿ ಮಾಡುವಾಗ ಏಳುವ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಚ್ಚಿದ ಕೋಣೆಯಲ್ಲಿ ಆ ಧೂಳಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಕೆಲಸ ಮಿಲ್ಲಿನ ಹಿಂದಿನ ಶೆಡ್ಡಿಗೆ ಒಯ್ಯಿರಿ.

ಹಳೆಯದಾದ ಹಲಗೆಯ ಮಾತಿಗೆ ಬರುತ್ತೇನೆ ಎಂದಿದ್ದೆ. ಔಡಲದ ಅಂಟು ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ. ಟ್ರಾಬಾಂಟ್ ಕಾರಿನ ಕಷ್ಟ ಇಲ್ಲೂ ಇದೆ. ಮಣ್ಣಲ್ಲಿ ಮಣ್ಣಾಗುತ್ತದೆ ಎಂದು ಹೇಳಿ ಮಾರಬೇಡಿ. ಹಳೆಯ ಹಲಗೆಯನ್ನು ವಾಪಸ್ ತೆಗೆದುಕೊಂಡು, ಪುಡಿ ಮಾಡಿ, ಹೊಸ ಹಲಗೆಯಲ್ಲಿ ಹೊಟ್ಟಿನ ಜೊತೆ ತುಂಬಬಹುದು. ಇದನ್ನು ಮೊದಲ ದಿನದಿಂದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಬೆಲೆಯಲ್ಲಿ ಕಾರ್ಖಾನೆಯ ಪಾರ್ಟಿಕಲ್ ಬೋರ್ಡಿನ ಜೊತೆ ಪೈಪೋಟಿಗೆ ಇಳಿಯಬೇಡಿ. ಯೂರಿಯಾ ಅಂಟು ಅಗ್ಗ, ಔಡಲ ಎಣ್ಣೆ ದುಬಾರಿ. ಆದರೆ ಆ ಬೋರ್ಡಿನಿಂದ ಫಾರ್ಮಾಲ್ಡಿಹೈಡ್ ಸಣ್ಣಗೆ ಬಿಡುತ್ತಲೇ ಇರುತ್ತದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಔಡಲದ ಅಂಟಿನಲ್ಲಿ ಅದು ಇಲ್ಲ. ಮಲಗುವ ಕೋಣೆಯ ಬಾಗಿಲು ಕೇಳಿ ಬರುವವರಿಗೆ ಇದನ್ನು ತಿಳಿಸಿ ಹೇಳಿ.

ಹಲಗೆ ಹೇಗಿದೆ ಎಂದು ಮನೆಯಲ್ಲೇ ಅಳೆಯಬಹುದು. 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. 15 ಸೆಂ.ಮೀ. ಅಂತರದ ಎರಡು ಆಸರೆಯ ಮೇಲೆ ಇಟ್ಟು, ನಡುವಿಗೆ ಬಕೆಟ್ ತೂಗುಹಾಕಿ, ಲೀಟರ್ ಲೆಕ್ಕದಲ್ಲಿ ನೀರು ಸುರಿಯುತ್ತಾ ಹೋಗಿ. ಮುರಿದಾಗ ಬಕೆಟ್ಟು ಸೇರಿ ಎಷ್ಟು ಕೆ.ಜಿ. ಇತ್ತೋ ಅದನ್ನು ನಾಲ್ಕೂವರೆಯಿಂದ ಗುಣಿಸಿ. ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಎಂದು ಬಾಗುವ ಬಲ ಸಿಗುತ್ತದೆ. 20 ಕೆ.ಜಿ.ಗೆ ಮುರಿದರೆ 90. ದಪ್ಪ ಸರಿಯಾಗಿ 1 ಸೆಂ.ಮೀ. ಇದ್ದರೆ ಮಾತ್ರ ಈ ಲೆಕ್ಕ. ಇನ್ನೊಂದು ತುಂಡನ್ನು 24 ಗಂಟೆ ನೀರಲ್ಲಿ ಮುಳುಗಿಸಿ ದಪ್ಪ ಎಷ್ಟು ಹೆಚ್ಚಿತು ನೋಡಿ. ಗೋಣಿ ಇಟ್ಟದ್ದು, ಇಡದ್ದು, ಅಂಟು ಹೆಚ್ಚು ಹಾಕಿದ್ದು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಾರುವ ಹಂತಕ್ಕೆ ಬಂದಾಗ ಐ.ಎಸ್. 3087 ಪ್ರಕಾರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಪಾರ್ಟಿಕಲ್ ಬೋರ್ಡಿಗೆ ಇರುವ ಮಾನಕ ಅದು, ಮರವಲ್ಲದ ಕೃಷಿ ವಸ್ತುಗಳಿಗೂ ಅನ್ವಯಿಸುತ್ತದೆ. ಒಣಗಿಸುವುದು, ಪುಡಿ ಮಾಡುವುದರಲ್ಲಿ ತೊಡಕಾದರೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಕೇಳಿ.

ಒಂದು ಹಲಗೆಯನ್ನು ಮಾತ್ರ ಒಡೆಯದೆ ಉಳಿಸಿಕೊಳ್ಳಿ. ಅದರ ಮೇಲೆ ಪೆನ್ಸಿಲ್‌ನಲ್ಲಿ ಮೂರು ಗುರುತು ಹಾಕಿ: ಅಂಚಿಗೊಂದು, ಮೂಲೆಗೊಂದು, ಅಂಚಿನಿಂದ ಒಳಗೆ ವರ್ನಿಯರ್ ಕ್ಯಾಲಿಪರ್‌ನ ಬಾಯಿ ಎಟುಕುವಲ್ಲಿ ಒಂದು. ಮೃಗಶಿರಾ ಮಳೆ ಹುಟ್ಟುವ ದಿನ ದನದ ಕೊಟ್ಟಿಗೆಯ ತಗಡಿನ ಕೆಳಗೆ ಕಟ್ಟಿ. ಅಲ್ಲಿ ತೇವ, ಸೆಖೆ, ಗಂಜಲದ ಆವಿ ಎಲ್ಲವೂ ಇರುತ್ತವೆ. ಸ್ವಾತಿ ಮಳೆ ಮುಗಿಯುವವರೆಗೆ ಪ್ರತಿ ಮಳೆ ಬದಲಾದಾಗ ಇಳಿಸಿ, ಆ ಮೂರು ಗುರುತಿನಲ್ಲೇ ದಪ್ಪ ಅಳೆದು ಬರೆದಿಡಿ. ಆ ಹಾಳೆಯ ಫೋಟೊ ನನಗೆ ಕಳಿಸಿ.